ಅಣುಗಳ ಪರವಾಗಿ ವಾದಿಸುತ್ತಿದ್ದ ನಮ್ಮ ಕಾಕಾ

ನಮ್ಮ ಮನೆಯಲ್ಲಿ ರೊಟ್ಟಿ ಹರಿದರೆ ಸೊಸೆಯನ್ನು ಬೈಯುವ ಹಾಗಿರಲಿಲ್ಲ, ಅಣುಗಳನ್ನು ಬೈಯಬೇಕಾಗಿತ್ತು! ಇಂಥ ಸುಖ ಬೇರೆ ಯಾವ ಸೊಸೆಗೆ ಸಿಕ್ಕೀತು ಹೇಳಿ? ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸೊಲ್ಲಾಪುರದ ಚಾದರ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಾಗ ಮಾವನವರ ತಮ್ಮನೂ ಅಲ್ಲೇ ಇದ್ದರು. ಮದುವೆಯ ಗೋಜಿಗೆ ಹೋದವರಲ್ಲ. ಶಾಲೆಯಲ್ಲಿ ವಿಜ್ಞಾನದ ಮಾಸ್ತರು. ಮನೆಮಂದಿಗೆಲ್ಲ ಕಾಕಾ. ಜಗತ್ತಿನ ಸಕಲ ವಸ್ತುಗಳೂ ಅಣುಗಳಿಂದ ಆಗಿವೆ, ಅವು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ನಂಬಿ ಸುಮ್ಮನಿರುವ ಸ್ವಭಾವವಲ್ಲ, ಅದೇ ತೊಂದರೆ!

ಬಂದ ವಾರದಲ್ಲೇ ನನ್ನ ಮಾನ ಅಡುಗೆಮನೆಯಲ್ಲಿ ಹರಾಜಾಗುವುದರಲ್ಲಿತ್ತು. ತವರಿನಲ್ಲಿ ಅವ್ವ ನನ್ನನ್ನು ಓದಲು ಬಿಟ್ಟಿದ್ದಳೇ ಹೊರತು ಒಲೆಯ ಮುಂದೆ ಕೂರಿಸಿರಲಿಲ್ಲ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಟ್ಟಿದೆ. ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಚೂರುಚೂರಾಯಿತು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಒಳಗೆ ಬಂದರು.

“ವೈನಿ, ಹುಡುಗಿಗೆ ಬೈಬ್ಯಾಡ್ರಿ. ಜ್ವಾಳದ ಹಿಟ್ಟು ತಣ್ಣೀರಾಗ ಒಂದನ್ನೊಂದು ಹಿಡಕೊಳ್ಳೂದಿಲ್ಲ. ಅದು ಅಣುಗಳ ತಪ್ಪು. ಕುದಿಯೋ ನೀರು ಹಾಕ್ರಿ, ಹ್ಯಾಂಗ ಅಪ್ಪಿಕೋತಾವ ನೋಡ್ರಿ!”

“ಮೊದಲ ನಿಮ್ಮ ಅಂಗಿ ಗುಂಡಿ ಅಂಗೀನ ಹಿಡಕೊಳ್ಳಲಿ ಮಾಸ್ತರ್ರ, ಆಮ್ಯಾಲೆ ಹಿಟ್ಟಿಗೆ ಪಾಠ ಹೇಳೀರಂತ,” ಎಂದರು ಅತ್ತೆ.

ಬಿಸಿನೀರಿನ ಸಂಗತಿ ಅತ್ತೆಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೈಗುಳ ಎದುರಿಗಿದ್ದ ನನ್ನನ್ನು ಬಿಟ್ಟು ಕಣ್ಣಿಗೆ ಕಾಣದ ಅಣುಗಳ ಕಡೆಗೆ ತಿರುಗಿದ್ದು ಅಂದಿನಿಂದಲೇ. ಆಮೇಲೆ ರೊಟ್ಟಿ ಹರಿದಾಗಲೆಲ್ಲ ಅವರು, “ಇವತ್ತ ಅಣುಗಳಿಗೆ ಏನ್ ಧಾಡಿ ಆಗೇತಿ?” ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಒಮ್ಮೆ ಮಾವನವರು ಊಟಕ್ಕೆ ಬರುವಾಗ ಅಂಗಡಿಯನ್ನು ಕಾಕಾನ ಕೈಗೆ ಬಿಟ್ಟು ಬಂದರು. ಬಿಡಬಹುದೇ? ಗಿರಾಕಿಯೊಬ್ಬ ಚಾದರ ಗಟ್ಟಿ ಇದೆಯೇ ಎಂದು ಕೇಳಿದ. ‘ನಿಮ್ಮ ಮೊಮ್ಮಕ್ಕಳೂ ಹೊದೀತಾರ’ ಎಂದು ಕಟ್ಟಿಕೊಟ್ಟಿದ್ದರೆ ಮುಗಿಯುತ್ತಿತ್ತು. ಕಾಕಾ ಚಾದರದ ಒಂದು ತುದಿಯನ್ನು ಆತನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ಎಳೆಯತೊಡಗಿದರು.

“ಎಳೀರಿ! ಒಳಗ ಅಣು ಕೈ ಬಿಡಾಕ ಒಲ್ಲೆ ಅಂತಾವ. ನೀವು ಹಾಕಿದ ಶಕ್ತಿ ಎಲ್ಲಿ ಹೋತು? ಒಳಗ ಜಮಾ ಆಗೇತಿ!”

“ಅಹೋ ಮಾಸ್ತರ, ಮಲಾ ಚಾದರ ಪಾಹಿಜೆ, ಶಾಳಾ ನಕೋ!” ಎಂದು ಗಿರಾಕಿ ಮರಾಠಿಯಲ್ಲಿ ಗೋಗರೆದ. ನನಗೆ ಚಾದರ ಬೇಕು, ಶಾಲೆ ಬೇಡ ಎಂದು ಕೈ ಬಿಟ್ಟೇಬಿಟ್ಟ. ಕಾಕಾ ಚಾದರದ ಸಮೇತ ಮೆಟ್ಟಿಲು ದಾಟಿ ರಸ್ತೆಗೆ ಬಿದ್ದರು. ಬಿದ್ದಲ್ಲಿಂದಲೇ ಕೂಗಿದರಂತೆ: “ನೋಡಿದ್ರ್ಯಾ? ಜಮಾ ಆಗಿದ್ದು ಹೊರಗ ಬಂತು!”

ನನ್ನ ಮಗನಿಗೆ ಎರಡು ತುಂಬಿದ ಬೇಸಿಗೆಯಲ್ಲಿ ಅಕ್ಕಲಕೋಟೆಯಲ್ಲಿ ಅತ್ತೆಯವರ ಅಣ್ಣನ ಮಗನ ಮದುವೆ. ನಾವು ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮೇ ತಿಂಗಳ ಬಿಸಿಲು, ಸುತ್ತ ಒಂದು ನೆಟ್ಟಗಿನ ಮರವಿಲ್ಲ. ಮದುವೆಮನೆ ಮುಟ್ಟುವ ಹೊತ್ತಿಗೆ ಕೂಸಿನ ಮೈ ಕೆಂಡವಾಗಿತ್ತು. ಬೆವರಿಲ್ಲ, ಅಳುವಿಲ್ಲ, ಕರೆದರೆ ಕಣ್ಣು ತೆರೆಯಲೊಲ್ಲದು. ಒಬ್ಬರು ಡಾಕ್ಟರರನ್ನು ಕರೆತರಲು ಟಾಂಗಾ ಹತ್ತಿ ಓಡಿದರು. ಹಿರಿಯ ಹೆಂಗಸರು, “ಜ್ವರಾ ಬಂದಾವ, ಬೆವರು ಬಿಡಲಿ,” ಎಂದು ಕಂಬಳಿ ತಂದು ಹೊದಿಸಿದರು. ನಾನು ಕೂಸನ್ನು ಕರೆಯುತ್ತಲೇ ಇದ್ದೆ.

ಸಾಮಾನು ಹೊತ್ತು ನಮ್ಮ ಹಿಂದೆ ಬರುತ್ತಿದ್ದ ಕಾಕಾ ಒಳಗೆ ಬಂದವರೇ ಕಂಬಳಿ ಕಿತ್ತೆಸೆದರು. ಸುತ್ತ ನೋಡಿದರು. ತಾಟಿನಲ್ಲಿ ಅರಿಶಿನ ಹಚ್ಚಿ ಇಟ್ಟಿದ್ದ ತೆಳ್ಳನೆಯ ಹೊಸ ಧೋತರ ಕಂಡಿತು. ಎತ್ತಿ ತೊಟ್ಟಿಯ ನೀರಿನಲ್ಲಿ ಅದ್ದಿಯೇಬಿಟ್ಟರು!

“ಅಯ್ಯಯ್ಯ, ಅದು ಮದುಮಗಂದ್ರಿ! ಅಕ್ಕಿಕಾಳಿನ ಮುಹೂರ್ತದ ಹೊತ್ತಾಗೇತಿ!” ಎಂದು ಹೆಂಗಸರು ಕೂಗಿದರು.

“ಮದುಮಗ ನಿಂದರ್ತಾನ, ಕೂಸು ನಿಂದರೂದಿಲ್ಲ. ಗಾಳಿ ಹಾಕ್ರಿ ಎಲ್ಲಾರೂ!”

ಒದ್ದೆ ಬಟ್ಟೆಯಲ್ಲಿ ಕೂಸನ್ನು ಸುತ್ತಿ ಬೀಸತೊಡಗಿದರು. ಬೀಗರೂ ಮೊರ, ಬೀಸಣಿಗೆ, ಟೊಪ್ಪಿಗೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಬೀಸಿದರು. ಬೀಸುತ್ತಲೇ ಕಾಕಾ ನನಗೆ ಹೇಳಿದರು: “ಅಂಜಬ್ಯಾಡ ತಂಗಿ. ನೀರಿನ ಅಣು ಒಂದರ ಕೈ ಒಂದು ಹಿಡದಾವ. ಬಿಡಿಸಿಕೊಂಡು ಹಾರಿ ಹೋಗಾಕ ಶಾಖ ಬೇಕು. ಆ ಶಾಖ ಕೂಸಿನ ಮೈಯಿಂದನ ತಗೋತಾವ. ಒಣಗಿದಂಗ ಮತ್ತ ನೀರು ಹಾಕು.” ನಾನು ಹಾಕಿದೆ. ಎಷ್ಟು ಹೊತ್ತೋ ದೇವರಿಗೇ ಗೊತ್ತು. ಆಮೇಲೆ ನನ್ನ ಮಗ ಕಣ್ಣು ತೆರೆದು, ಮುಖ ಕಿವುಚಿ, ಹಂದರ ಹಾರುವಂತೆ ಅತ್ತ. ಅಷ್ಟು ಇಂಪಾದ ದನಿಯನ್ನು ನಾನು ಇಂದಿಗೂ ಕೇಳಿಲ್ಲ! ಡಾಕ್ಟರರು ಬಂದು ನೋಡಿ, ಹೀಗೇ ನಡೆಸಿರಿ ಎಂದರು. ಮದುಮಗ ಭಾವಮೈದುನನ ಪ್ಯಾಂಟು ತೊಟ್ಟು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಅಕ್ಕಿಕಾಳು ಹಾಕಿಸಿಕೊಂಡ.

ಪಂಕ್ತಿಯಲ್ಲಿ ಕಾಕಾ ಕಾಣಲಿಲ್ಲ. ಹುಡುಕಿದರೆ ಹಿತ್ತಲಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಕೊಟ್ಟ ಪಾನಕದ ಲೋಟವನ್ನು ಬಾಯಿಗೆ ಮುಟ್ಟಿಸದೆ ಪಕ್ಕಕ್ಕಿಟ್ಟರು. ನಾನು ಕಾಲಿಗೆರಗಿದೆ.

“ಏಳವಾ,” ಎಂದರು. “ಇಷ್ಟು ವರ್ಷ ಸಾಲ್ಯಾಗ ಕರಿ ಫಳ್ಯಾದ ಮ್ಯಾಲೆ ಬರದು ಬರದು ಹುಡುಗ್ರಿಗೆ ಹೇಳೀನಿ. ಒಮ್ಮೆನೂ ಸಂಶೇ ಬಂದಿದ್ದಿಲ್ಲ. ಇವತ್ತ ಕೂಸಿಗೆ ಧೋತರ ಸುತ್ತೂ ಮುಂದ ಜೀವ ಹಾರಿ ಹೋತು, ತಂಗಿ. ‘ದೇವ್ರ, ನಾ ಕಲಿಸಿದ್ದು ಖರೇ ಇರಲಪ್ಪಾ’ ಅಂತ ಬೇಡಿಕೊಂಡೆ.”

ಆ ಮೊರೆ ಕೇಳಿದ ದೇವರಿಗೂ, ಮೊರೆಯಿಟ್ಟ ಮಾಸ್ತರರಿಗೂ ನಾನು ಇಂದಿಗೂ ದಿನಾ ಕೈ ಮುಗಿಯುತ್ತೇನೆ. ಮೊದಲು ಮಾಸ್ತರರಿಗೆ.