ಅಕ್ಕಾರ ಕೈಮ್ಯಾಲೆ ನಾಲ್ಕೂರಿನ ಎದಿ

ನಾಲ್ಕೂರಿನಲ್ಲಿ ನಾಲ್ಕು ಅಂಗಡಿ, ಎಲ್ಲರ ಕೈಯಲ್ಲೂ ಒಂದೊಂದು ಫೋನು, ಎಲ್ಲರಿಗೂ ಸೇರಿ ಒಂದೇ ಗ್ರೂಪು. ಇಷ್ಟಿದ್ದ ಮೇಲೆ ನಗಬೇಕೆಂದರೆ ಬೇರೆ ಕಡೆ ಹೋಗುವ ಕೆಲಸವೇ ಬೀಳುವುದಿಲ್ಲ, ನಗೆ ತಾನಾಗಿ ಮನೆಬಾಗಿಲಿಗೆ ಬರುತ್ತದೆ.

ನಮ್ಮದು ಡ್ರಿಪ್ ಪೈಪು, ಮೋಟರು ಮಾರುವ ವ್ಯಾಪಾರ. ದೊಡ್ಡ ಅಂಗಡಿ ಬಸವನ ಬಾಗೇವಾಡಿಯಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಒಂದೊಂದು ಸಣ್ಣವು. ನಾನು ಗಾಡಿ ಮೇಲಿನ ಆಳು. ಮಾಲು ಏರಿಸಬೇಕು, ಇಳಿಸಬೇಕು, ದಾರಿಯಲ್ಲಿ ಚಾಚಾಗೆ ಮಾತು ಹಚ್ಚಬೇಕು. ಆರನೇ ಇಯತ್ತೆಯಲ್ಲಿ ಅರ್ಧಕ್ಕೇ ಸಾಲಿ ಬಿಟ್ಟು ಹೊರಬಿದ್ದವನು. ಖಾನಾವಳಿ, ಬೋರ್‌ವೆಲ್ ಗಾಡಿ, ಸೊಲ್ಲಾಪುರದ ಚಾದರ ಮಿಲ್ಲು, ಎಲ್ಲ ಕಡೆ ನೋಡಿದೆ, ಎಲ್ಲೂ ವರ್ಷ ತುಂಬಿಸಲಿಲ್ಲ. ಇಲ್ಲಿ ಮಾತ್ರ ನಿಂತಿದ್ದೇನೆ. ಒಂದು, ಇಲ್ಲಿ ಗಾಡಿ ನಿಲ್ಲುವುದಿಲ್ಲ. ಇನ್ನೊಂದು, ಚಾಚಾ.

ಚಾಚಾ ಅಂದರೆ ನಮ್ಮ ಡ್ರೈವರು, ಮೋರಟಗಿಯವರು. ನನಗೆ ಗೇರು ಹಾಕುವುದನ್ನು ಕಲಿಸಿದವರು, ತಮ್ಮ ಬುತ್ತಿಯಲ್ಲಿ ಅರ್ಧ ರೊಟ್ಟಿ ನನ್ನ ಕಡೆ ಸರಿಸುವವರು. ಅವರಿಲ್ಲದ ಗಾಡಿಯಲ್ಲಿ ನಾನು ಒಂದು ದಿನವೂ ಕೂರುವವನಲ್ಲ. ಅದಕ್ಕೇ ಮುಂದೆ ಹೇಳುವ ಗಡಿಯಾರಗಳ ಕತೆ ನಡೆದಾಗ ನನ್ನ ಜೀವ ಅಷ್ಟು ಹಾರಾಡಿದ್ದು.

ಬಣ್ಣ ಮತ್ತು ಬ್ರೇಕು

ಚಾಚಾನ ಮನಸ್ಸು ಬೆಲ್ಲ, ಬಾಯಿ ಮಾತ್ರ ಹಸಿಮೆಣಸಿನಕಾಯಿ. ಟೈಪು ಮಾಡಲು ಬಾರದು. ಹಾಗಾಗಿ ಗ್ರೂಪಿಗೆ ಮಾತನ್ನೇ ತುಂಬಿ ಕಳಿಸುತ್ತಿದ್ದರು, ಹಿಂದೆ ಹಾರ್ನು ಸಮೇತ. ಒಮ್ಮೆ ಮುದ್ದೇಬಿಹಾಳದ ಅಂಗಡಿ ಮುಂದೆ ಬಿಸಿಲಲ್ಲಿ ಗಾಡಿ ನಿಂತೇ ಇತ್ತು. ಮಾಲು ಇಳಿಸಿಕೊಳ್ಳಲು ಒಬ್ಬನೂ ಹೊರಗೆ ಬರಲಿಲ್ಲ. ಚಾಚಾ ಗುಂಡಿ ಒತ್ತಿದರು: "ಮುದ್ದೇಬಿಹಾಳ ಅಂಗಡ್ಯಾಗ ಮಂದಿ ಅದಾರೋ, ಬರೇ ಕುರ್ಚಿ ಅದಾವೋ?"

ಆ ಗ್ರೂಪಿನಲ್ಲಿ ನಾವಷ್ಟೇ ಇರಲಿಲ್ಲ. ತಮ್ಮ ಏಳಿಗೆ ಎಲ್ಲರೂ ನೋಡಲಿ ಅಂತ ನಾಲ್ಕೂ ಅಂಗಡಿಯ ಧಣಿ ಸಾವ್ಕಾರ್ರು ಗಿರಾಕಿ ರೈತರನ್ನೂ ಪೈಪು ಕಂಪನಿಯ ಸಾಹೇಬರನ್ನೂ ಸೇರಿಸಿಬಿಟ್ಟಿದ್ದರು. ಎಲ್ಲರೂ ಕೇಳಿದರು. ಒಬ್ಬ ರೈತ ಕೈಮುಗಿದ ಚಿತ್ರವನ್ನೂ ಹಾಕಿದ.

ಅದು ಆರುವುದರೊಳಗೆ ಸಾವ್ಕಾರ್ರು ನಮ್ಮ ಹಳೇ ಗಾಡಿಗೆ ಹೊಸ ಹಸಿರು ಬಣ್ಣ ಹೊಡೆಸಿದರು. ಪಕ್ಕಕ್ಕೆ ನಿಂತು ಫೋಟೋ ತೆಗೆಸಿಕೊಂಡು "ನಮ್ಮ ಗಾಡಿ, ನಮ್ಮ ಹೆಮ್ಮೆ" ಅಂತ ಗ್ರೂಪಿಗೆ ಹಾಕಿದರು. ಅದರ ಕೆಳಗೆ ಚಾಚಾನ ದನಿ: "ಬಣ್ಣ ಹಚ್ಚಿಸಿದ್ರಿ, ಚಲೋ ಆತು. ಬ್ರೇಕ್ ಯಾವಾಗ ಹಚ್ಚಸ್ತೀರಿ?"

ಸಾವ್ಕಾರ್ರು ಕರೆದು ಹೇಳಿದರು: "ಚಾಚಾ, ಎರಡು ಸಲ ಆತು. ಮೂರನೇದ್ದು ಬಂತಂದ್ರ ಚಾವಿ ಟೇಬಲ್ ಮ್ಯಾಲ ಇಟ್ಟು ಮನಿಗೆ ನಡೀರಿ."

ಚಾಚಾ ಹೊರಗೆ ಬಂದು ನನ್ನನ್ನು ಕೇಳಿದರು: "ಚಾವಿ ಇಡ್ತೀನಿ. ಆದ್ರ ಗಾಡಿ ನಿಲ್ಸಾಕ ಮೊದಲ ಬ್ರೇಕ್ ಬೇಕಲ್ಲೋ ತಮ್ಮಾ?"

ಗಡಿಯಾರದ ಗುರ್

ಸಾವ್ಕಾರ್ರ ಅಳಿಯಂದಿರು ಹುಬ್ಬಳ್ಳಿಯಲ್ಲಿ ಇರುತ್ತಾರೆ, ಏನೋ ದೊಡ್ಡದು ಓದಿಕೊಂಡವರು. ಮಾವನ ಸಂಕಟ ಕೇಳಿ ಒಂದು ಡಬ್ಬಿ ತುಂಬ ಕರೀ ಗಡಿಯಾರ ತಂದರು. ನಮ್ಮನ್ನೆಲ್ಲ ಬಾಗೇವಾಡಿಗೆ ಕರೆಸಿ ಸಾಲಾಗಿ ನಿಲ್ಲಿಸಿ ತಿಳಿಸಿಕೊಟ್ಟರು.

"ಇದು ನಿಮ್ಮ ಎದಿ ಬಡಿತ ನೋಡ್ತಿರ್ತೈತಿ. ಎದಿ ಜೋರ್ ಬಡೀತಂದ್ರ ಸಿಟ್ಟು ಬಂದೈತಿ ಅಂತ ತಿಳ್ಕೊಂಡು, ಯಾರ ಗಡಿಯಾರನೋ ಅವ್ರ ಫೋನಿನ ಗ್ರೂಪಿಗೆ ಬೀಗ ಹಾಕ್ತೈತಿ. ಎದಿ ತಣ್ಣಗಾದಮ್ಯಾಲೇ ಬೀಗ ತಗೀತೈತಿ. ಬಿಚ್ಚಿಟ್ರೂ ಬೀಗನೇ. ಇದ್ರೊಳಗೇ ಸಿಮ್ ಐತಿ, ಫೋನ್ ಎಲ್ಲೇ ಇರಲಿ, ನಡೀತೈತಿ."

ಸಾವ್ಕಾರ್ರು ಸಂತೋಷದಿಂದ ತಲೆ ಆಡಿಸುತ್ತಿದ್ದರು. ಅಳಿಯಂದಿರು ಕೊನೆಯ ಗಡಿಯಾರವನ್ನು ಅವರ ಕೈಗೇ ಕಟ್ಟಿದರು.

"ನನಗ್ಯಾಕಪಾ? ಇದು ಆಳುಮಕ್ಳಿಗೆ ಅಲ್ಲೇನು?"

"ಎಲ್ಲಾರಿಗೂ ಒಂದೇ ಕಾನೂನು ಮಾವಾರ."

"ನಾನೇನ್ ಸಿಟ್ಟಿಗೇಳಾಂವ ಅಲ್ಲ! ನನಗ್ಯಾವತ್ತರ ಸಿಟ್ಟು ಬಂದದ್ದು ನೋಡೀಯೇನು?"

ಗಡಿಯಾರ ಗುರ್ ಅಂದಿತು. ಅವರ ಕಿಸೆಯಲ್ಲಿದ್ದ ಫೋನಿನ ಒಳಗಿಂದ ಒಬ್ಬ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: "ಸ್ವಲ್ಪ ತಡೀರಿ. ನೀರು ಕುಡೀರಿ."

ದುಡಿಯುವವನ ಬಾಯಿ

ಮೊದಲು ಸಿಕ್ಕಿಬಿದ್ದವನು ಇಂಡಿ ಅಂಗಡಿಯವ. ಪಾಪ, ಜಗಳ ಗೊತ್ತಿಲ್ಲದ ಮನುಷ್ಯ. ದಿನವಿಡೀ ಪೈಪಿನ ಸುರುಳಿ ಹೊತ್ತು ಮಾಳಿಗೆ ಹತ್ತುವುದು, ಇಳಿಯುವುದು. ಒಬ್ಬ ರೈತ "ಪೈಪು ಐತೇನ್ರಿ?" ಅಂತ ಗ್ರೂಪಿನಲ್ಲಿ ಕೇಳಿದ. ಇವನು ಹೆಗಲ ಮೇಲೆ ಅದೇ ಪೈಪು ಹೊತ್ತುಕೊಂಡು "ಐತ್ರಿ" ಅಂತ ಒತ್ತುತ್ತಾನೆ, ಗುರ್! ಸ್ವಲ್ಪ ತಡೀರಿ, ನೀರು ಕುಡೀರಿ. ಮೆಟ್ಟಿಲು ಹತ್ತಿದ ಎದೆ, ಓಡದೆ ಏನು ಮಾಡೀತು?

ಅತ್ತ ಮುದ್ದೇಬಿಹಾಳದ ಕುರ್ಚಿಯಲ್ಲಿ ಕೂತವನ ಎದೆ ಹಾಲಿನ ಹಾಗೆ ತಣ್ಣಗಿತ್ತು. ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ "ಊಟ ಆಯ್ತಾ?", ಸಂಜೆ ಸೂರ್ಯ ಮುಳುಗುವ ಚಿತ್ರ. ನಡುವೆ ಆ ರೈತನಿಗೂ "ನಮ್ಮಲ್ಲಿ ಐತಿ, ಬರ್ರಿ" ಅಂತ ಉತ್ತರ ಹಾಕಿಬಿಟ್ಟ. ಇಂಡಿಯ ಗಿರಾಕಿ ಮುದ್ದೇಬಿಹಾಳದ ಬಸ್ಸು ಹುಡುಕತೊಡಗಿದ.

ನಾವು ಮಾಲು ಇಳಿಸಲು ಹೋದಾಗ ಇಂಡಿಯವ ಗಡಿಯಾರ ತೋರಿಸಿ ಅಂದ: "ದುಡಿಯಾಂವನ ಬಾಯಿ ಬಂದ್, ಕುಂತಾಂವನ ಬಾಯಿ ಖುಲ್ಲಾ. ಇದಕ್ಕ ಗಡಿಯಾರ ಯಾಕ ಬೇಕಿತ್ರಿ ಚಾಚಾ? ಮೊದಲೂ ಹಿಂಗೇ ಇತ್ತಲ್ಲ!"

ಝಳಕಿಯ ಚಹಾ

ಇಂಡಿಯಿಂದ ಹೊರಟು ಝಳಕಿಯ ಹೆದ್ದಾರಿ ಪಕ್ಕ ಚಹಾ ಕುಡಿಯುತ್ತಿದ್ದೆವು. ಚಾಚಾಗೆ ಊರಿಂದ ಫೋನು ಬಂತು. ಕೇಳುತ್ತ ಕೇಳುತ್ತ ಕಪ್ಪು ನೆಲಕ್ಕಿಟ್ಟರು. ಮದುವೆಯಾಗಿ ಎಷ್ಟೋ ವರ್ಷ ದವಾಖಾನಿ, ದರ್ಗಾ ಎಲ್ಲಾ ತಿರುಗಿದ್ದ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ತಾಯಿ, ಕೂಸು ಇಬ್ಬರೂ ಆರಾಮ.

"ಗ್ರೂಪಿಗೆ ಹೇಳ್ಬೇಕೋ ತಮ್ಮಾ!" ಅಂತ ಚಾಚಾ ಗುಂಡಿ ಒತ್ತಿದರು. ಗುರ್! ಸ್ವಲ್ಪ ತಡೀರಿ. ನೀರು ಕುಡೀರಿ.

ಒಂದು ಗ್ಲಾಸು ಕುಡಿದರು. ಮತ್ತೆ ಕೂಸು ನೆನಪಾಯಿತು, ಗುರ್. ಇನ್ನೊಂದು ಗ್ಲಾಸು ಕುಡಿದರು. ಹೋಟೆಲಿನವ ಕೊಡವನ್ನೇ ತಂದಿಟ್ಟ. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೀರು, ಸುದ್ದಿ ಮಾತ್ರ ಗಂಟಲಲ್ಲೇ.

"ಇದು ಸಿಟ್ಟಲ್ಲವ್ವಾ, ಖುಷಿ!" ಅಂತ ಚಾಚಾ ಗಡಿಯಾರಕ್ಕೇ ತಿಳಿಸಿ ಹೇಳಿದರು. ಅದಕ್ಕೆಲ್ಲಿ ತಿಳಿಯಬೇಕು? ಬಾಗೇವಾಡಿ ಮುಟ್ಟುವವರೆಗೆ ಪ್ರತಿ ಜಾಲಿಗಿಡದ ಹತ್ತಿರ ಗಾಡಿ ನಿಲ್ಲಿಸಬೇಕಾಯಿತು. ಚಾಚಾ ಇಳಿಯುತ್ತ ಹೇಳುತ್ತಿದ್ದರು: "ಮಗಳು ಹಡದಾಳ, ತ್ರಾಸು ನನಗ!"

ಅಕ್ಕಾರ ಕೈ

ಬಾಗೇವಾಡಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಅಕ್ಕಾರು ಇದ್ದಾರೆ. ಮಾರುಕಟ್ಟೆಯಲ್ಲಿ ಹೋರಿ ಬಿಚ್ಚಿಕೊಂಡು ಅಂಗಡಿಗೆ ನುಗ್ಗಿದಾಗ "ಒಂದ್ ನಿಮಿಷ, ಈ ಬಿಲ್ ಮುಗಸ್ತೀನಿ" ಅಂದವರು. ಚಾಚಾ ಗಡಿಯಾರದ ಜೊತೆ ಗುದ್ದಾಡುವುದನ್ನು ನೋಡಿ ಕೈ ಚಾಚಿದರು. "ಕೊಡ್ರಿ ಇಲ್ಲೆ." ತಮ್ಮ ಮುಂಗೈಗೆ ಕಟ್ಟಿಕೊಂಡರು. ಬೀಗ ತೆರೆಯಿತು! ಚಾಚಾನ ಸುದ್ದಿ ನಾಲ್ಕೂರಿಗೂ ಹೋಯಿತು, ಅರ್ಧ ಮಾತು, ಅರ್ಧ ಅಳು.

ಅಂದಿನಿಂದ ಚಾಚಾನ ಗಡಿಯಾರ ಅಲ್ಲೇ ಉಳಿಯಿತು. ಇಂಡಿಯವ ತನ್ನದನ್ನೂ ನನ್ನ ಕೈಯಲ್ಲಿ ಕಳಿಸಿದ. ಸಿಂದಗಿಯವರು ಪೈಪಿನ ಸಂದಿಯಲ್ಲಿಟ್ಟು ಕಳಿಸಿದರು. ಮುದ್ದೇಬಿಹಾಳದವನೂ ಕೈಗೆ ಭಾರ ಅಂತ ಬಿಚ್ಚಿ ಕಳಿಸಿದ. ನನ್ನದಂತೂ ಮೊದಲೇ ಅಕ್ಕಾರ ಕೈ ಸೇರಿತ್ತು. ಕಡೆಗೆ ಸಾವ್ಕಾರ್ರು ಒಂದು ದಿನ ಸುತ್ತ ನೋಡಿ ತಮ್ಮದನ್ನು ಬಿಚ್ಚಿ ಕೌಂಟರ್ ಮೇಲಿಟ್ಟರು: "ಅಕ್ಕಾರ, ಗಿರಾಕಿ ಮುಂದ ಗುರ್ ಅಂತೈತಿ, ಮರ್ಯಾದಿ ಹೋಗಾಕತ್ತೈತಿ." ಅಕ್ಕಾರು ಕೈತುಂಬ ತೊಟ್ಟ ಬಳೆಗಳ ಹಾಗೆ ಎಲ್ಲವನ್ನೂ ಎಡಗೈಗೆ ಕಟ್ಟಿಕೊಂಡು ಬಲಗೈಯಲ್ಲಿ ಬಿಲ್ಲು ಬರೆಯುತ್ತಿದ್ದರು.

ತಿಂಗಳ ಕೊನೆಗೆ ಅಳಿಯಂದಿರು ಹುಬ್ಬಳ್ಳಿಯಿಂದ ಫೋನು ಮಾಡಿದರು, ದನಿಯಲ್ಲಿ ಹಿಗ್ಗೇ ಹಿಗ್ಗು: "ಮಾವಾರ, ಕಂಪ್ಯೂಟರ್‌ನಾಗ ನೋಡಾಕತ್ತೇನಿ. ನಾಲ್ಕೂ ಅಂಗಡಿ ಮಂದಿ ಎದಿ ಒಂದೇ ತಾಳಕ್ಕ ಬಡ್ಯಾಕತ್ತಾವ. ಏನ್ ಒಗ್ಗಟ್ಟು ಮಾವಾರ! ಏನ್ ಒಗ್ಗಟ್ಟು!"

ತೊಗರಿ ಹೊಲದಲ್ಲಿ ಹಸಿರು ಗಾಡಿ

ಆಮೇಲೆ ನಾನು ಹೆದರಿದ್ದೇ ಆಯಿತು.

ಸಿಂದಗಿಯಿಂದ ಮೋರಟಗಿ ಕಡೆ ಮಾಲು ತಗೊಂಡು ಹೊರಟಿದ್ದೆವು. ಇಳಿಜಾರಿನಲ್ಲಿ ಅಡ್ಡ ಕುರಿ ಹಿಂಡು. ಚಾಚಾ ಬ್ರೇಕು ತುಳಿದರು. ಗಾಡಿಗೆ ಏನೂ ಅನ್ನಿಸಲಿಲ್ಲ. ಚಾಚಾ ಸ್ಟೇರಿಂಗು ತಿರುಗಿಸಿ, ಬದು ಹಾರಿಸಿ, ತೊಗರಿ ಹೊಲದೊಳಗೆ ನುಗ್ಗಿಸಿ ನಿಲ್ಲಿಸಿದರು. ಕುರಿ ಉಳಿದವು, ಕುರಿಯವ ಉಳಿದ, ನಾವೂ ಉಳಿದೆವು. ಚಾಚಾ ಸೀದಾ ಫೋನು ತೆಗೆದರು.

"ಚಾಚಾ, ಬ್ಯಾಡ್ರಿ! ಮೂರನೇದ್ದು!" ಅಂತ ಕೈ ಹಿಡಿದೆ. ಬಿಡಿಸಿಕೊಂಡರು. ಗಡಿಯಾರವೋ ಅಕ್ಕಾರ ತಣ್ಣನೆ ಕೈಮೇಲಿತ್ತು, ತಡೆಯುವವರು ಯಾರು?

"ಸಾವ್ಕಾರ್ರ, ಬಣ್ಣ ಭಾಳ ಚಂದ ಐತ್ರಿ. ತೊಗರಿ ಹೊಲದಾಗ ನಿಂತ್ರೂ ಎದ್ದು ಕಾಣ್ತೈತಿ. ಬ್ರೇಕ್ ಮಾತ್ರ ಇನ್ನಾ ಬಂದಿಲ್ರಿ."

ಹೋಯಿತು. ರೈತರಿಗೂ ಹೋಯಿತು, ಕಂಪನಿ ಸಾಹೇಬರಿಗೂ ಹೋಯಿತು. ನಾವು ಬಸ್ಸು ಹಿಡಿದು ಬಾಗೇವಾಡಿಗೆ ಬಂದೆವು. ದಾರಿಯುದ್ದಕ್ಕೂ ಚಾಚಾ ಚಾವಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ಅಂಗಡಿಯಲ್ಲಿ ಸಾವ್ಕಾರ್ರು ಕೆಂಪಗಾಗಿ ನಿಂತಿದ್ದರು. ಚಾಚಾ ಟೇಬಲ್ ಮೇಲೆ ಚಾವಿ ಇಟ್ಟರು.

"ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದೇ ಕೇಳ್ರಿ," ಅಂತ ಸಾವ್ಕಾರ್ರು ಬರೆಯುತ್ತ ಓದಿದರು. "ಇವತ್ತಿನಿಂದ ಚಾಚಾ ನಮ್ಮ ಕೆಲಸದಾಗ ಇಲ್ಲ." ಒತ್ತಿದರು.

"ಸ್ವಲ್ಪ ತಡೀರಿ. ನೀರು ಕುಡೀರಿ."

ಮತ್ತೆ ಒತ್ತಿದರು. ಮತ್ತೆ ಅದೇ ಹೆಣ್ಣುಮಗಳು. ಅಷ್ಟರಲ್ಲಿ ಕೌಂಟರಿನ ಗಾಜು ಗಡಗಡ ಅನ್ನತೊಡಗಿತು. ಎಲ್ಲರೂ ತಿರುಗಿ ನೋಡಿದೆವು. ಅಕ್ಕಾರು ತಲೆ ತಗ್ಗಿಸಿ ಬಿಲ್ಲು ಬರೆಯುತ್ತಿದ್ದಾರೆ. ಗಾಜಿನ ಮೇಲಿಟ್ಟ ಎಡಗೈಯಲ್ಲಿ ನಾಲ್ಕೂರಿನ ಗಡಿಯಾರಗಳು ಒಮ್ಮೆಲೇ ಗುರ್ರ್ ಅನ್ನುತ್ತಿವೆ.

"ಅಕ್ಕಾರ, ಸ್ವಲ್ಪ ಸಮಾಧಾನ ಆಗ್ರಿ. ನಾನೊಂದು ಮೆಸೇಜ್ ಕಳಸ್ಬೇಕು."

"ನಾನು ಸಮಾಧಾನದಾಗೇ ಇದ್ದೇನ್ರಿ ಸಾವ್ಕಾರ್ರ."

"ಮತ್ತ ಇವ್ಯಾಕ ಹೊಡಕೊಳ್ಳಾಕತ್ತಾವ?"

"ಅವನ್ನೇ ಕೇಳ್ರಿ." ಅಕ್ಕಾರು ತಲೆ ಎತ್ತಲಿಲ್ಲ. ಬಿಲ್ಲಿನ ಮೇಲೆ ಒಂದು ಹನಿ ಬಿತ್ತು. ಇಂಡಿಯಿಂದ ಬರುವಾಗ ಅವರಿಗೆ ನಿಂಬೆಹಣ್ಣು ತರುವುದನ್ನು ಚಾಚಾ ಯಾವತ್ತೂ ಮರೆತವರಲ್ಲ.

"ನಂದು ಬಿಚ್ಚಿ ಕೊಡ್ರಿ!"

"ಎಲ್ಲಾದಕಿಂತ ಮ್ಯಾಲಿಂದು ನಿಮ್ದು. ಸಾವ್ಕಾರ್ರದು ಅಂತ ಮ್ಯಾಲೇ ಕಟ್ಟೇನ್ರಿ."

ಸಾವ್ಕಾರ್ರು ತಮ್ಮ ಕೈಗೇ ಕಟ್ಟಿಕೊಂಡರು, ಅದು ಇನ್ನೂ ಜೋರಾಗಿ ಗುರ್ ಅಂದಿತು. ನನ್ನ ಕೈಗೆ ಕಟ್ಟಿದರು, ಜಿಗಿದು ಬೀಳುವ ಹಾಗೆ ಮಾಡಿತು. ಆಗ ಚಾಚಾ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು.

"ನನಗ ಕಟ್ರಿ. ನಾನು ಹೇಳೂದು ಹೇಳಿ ಹಗುರ ಆಗೇನಿ."

ಕಟ್ಟಿದರು. ಗಡಿಯಾರ ಸುಮ್ಮನಾಯಿತು. ಬೀಗ ತೆರೆಯಿತು. ಸಾವ್ಕಾರ್ರ ಹೆಬ್ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ನಿಂತೇ ಇತ್ತು.

ಚಾಚಾ ಗೋಡೆ ಕಡೆ ನೋಡುತ್ತ ಮೆಲ್ಲಗೆ ಅಂದರು: "ಒತ್ರಿ ಸಾವ್ಕಾರ್ರ, ಲಗೂನ ಒತ್ರಿ. ಇನ್ನೊಂಚೂರು ತಡದ್ರ ನನ್ನ ಎದೀನೂ ಓಡಾಕ ಸುರು ಮಾಡ್ತೈತಿ."

ಸಾವ್ಕಾರ್ರು ಒತ್ತಲಿಲ್ಲ. ಕುರ್ಚಿಯಲ್ಲಿ ಕೂತರು. "ಯಾರರ ಒಂದು ಗ್ಲಾಸ್ ನೀರು ಕೊಡ್ರೋ," ಅಂದರು. ಕುಡಿದರು. ಬರೆದದ್ದನ್ನು ಅಳಿಸಿ ಬೇರೆ ಬರೆದು ಕಳಿಸಿದರು: "ನಾಳೆ ಗಾಡಿಯ ಬ್ರೇಕ್ ಕೆಲಸ. ಮಾಲು ಒಂದು ದಿನ ತಡ. ತಪ್ಪು ನಂದು." ಅಕ್ಕಾರ ಕೈಮೇಲಿನ ಗಡಿಯಾರಗಳು ಒಂದಾದ ಮೇಲೊಂದು ಸುಮ್ಮನಾದವು. ಚಾವಿಯನ್ನು ನಾನೇ ತೆಗೆದು ಚಾಚಾನ ಕಿಸೆಗೆ ಹಾಕಿದೆ.

ಮರುದಿನ ಗಾಡಿಯನ್ನು ಹೊಲದಿಂದ ಎಳೆಸಿ ತಂದರು, ಬ್ರೇಕು ಬಂತು. ಗ್ಯಾರೇಜಿನ ಮುಂದೆ ಚಾಚಾ ಎರಡು ಸಲ ತುಳಿದು ನೋಡಿದರು, ಗಾಡಿ ಹೇಳಿದ ಮಾತು ಕೇಳಿತು. ಅಕ್ಕಾರಿಂದ ಗಡಿಯಾರ ಇಸಿದುಕೊಂಡು ತಮ್ಮ ಕೈಗೇ ಕಟ್ಟಿಕೊಂಡಿದ್ದರು. ಫೋನು ತೆಗೆದು, ಉಸಿರು ಎಳೆದು, ಬೆಣ್ಣೆಯಂಥ ದನಿಯಲ್ಲಿ ಮಾತು ತುಂಬಿದರು. ಗುರ್ ಅನ್ನಲಿಲ್ಲ. ಚಾಚಾನ ಸ್ವಂತ ಎದೆ ದಾಟಿ ಪಾಸಾಗಿ ಹೋದ ಮೊದಲನೇ ಮೆಸೇಜು ಅದೇ:

"ಸಾವ್ಕಾರ್ರ, ಬ್ರೇಕ್ ಬಂಗಾರದಂಗ ಆಗೈತ್ರಿ. ತೊಗರಿ ಹೊಲದಾಗ ಬಣ್ಣ ಮಾತ್ರ ಕೆತ್ತಿ ಹೋಗೈತಿ. ಇನ್ನ ಅದೊಂದು ಯಾವಾಗ ಹಚ್ಚಸ್ತೀರಿ?"