ಬಣ್ಣ ಬಿಟ್ಟ ವೆಬಿನಾರ್

ಗೋದಾಮಿನಲ್ಲಿ ದಾಳಿಂಬೆ ಬಣ್ಣದ ಹತ್ತಿಬಟ್ಟೆ ಸೂರು ಮುಟ್ಟುವಷ್ಟು ಬಿದ್ದಿರುವಾಗ ಯಾವ ವ್ಯಾಪಾರಿಗಾದರೂ ವಿದ್ಯಾದಾನದ ಯೋಚನೆ ಬಂದೇ ಬರುತ್ತದೆ. ನಮ್ಮ ಜವಳಿ ಯಜಮಾನರಿಗೆ ಅದು ಬಂದದ್ದು ಹಲ್ಲುಜ್ಜುವಾಗ. ಬಾಯಿತುಂಬ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಓಡಿಬಂದು ಹೆಂಡತಿಯೆದುರು ಏನೋ ಘೋಷಿಸಿದರು. ಆಕೆಗೆ ತಿಳಿದದ್ದು ‘ವೆಬಿನಾರ್’ ಎಂಬ ಒಂದು ಮಾತು ಮಾತ್ರ.

ಬಾಯಿ ತೊಳೆದ ಮೇಲೆ ಯೋಜನೆಯ ವಿರಾಟ್ ಸ್ವರೂಪ ಹೊರಬಿತ್ತು. ಹೆಂಡತಿಯದು ಅರ್ಧ ಊರಿಗೆ ಹೊಲಿಗೆ ಕಲಿಸಿದ ಕೈ. ಇನ್ನರ್ಧಕ್ಕೆ ಕಂಪ್ಯೂಟರಿನಲ್ಲಿ ಕಲಿಸಲಿ, ದಿಂಬಿನ ಕವರಿನಿಂದ ಶುರುವಾಗಲಿ. ಪಾಠ ಪೂರಾ ಉಚಿತ. ಬಟ್ಟೆಯ ಪೊಟ್ಟಣ ಮಾತ್ರ ಯಜಮಾನರ ಅಂಗಡಿಯಲ್ಲೇ ಕೊಳ್ಳಬೇಕು. ಪೊಟ್ಟಣದ ಮೇಲೆ ‘ಗಟ್ಟಿ ಬಣ್ಣ’ ಎಂಬ ಚೀಟಿಯನ್ನೂ ಅಂಟಿಸಿದರು. (ಬಣ್ಣ ಗಟ್ಟಿ ಎಂದು ಅವರಿಗೆ ಹೇಳಿದವನು ಆ ಬಟ್ಟೆಯನ್ನು ಅವರಿಗೆ ಮಾರಿದವನು. ವ್ಯಾಪಾರಿಯ ಮಾತನ್ನು ವ್ಯಾಪಾರಿಯೇ ನಂಬಿದ ಅಪರೂಪದ ಪ್ರಸಂಗ ಇದು.)

ಮಗಳಿಗೆ ಕಚೇರಿಗಳ ಸಿಬ್ಬಂದಿಗೆ ಆನ್‌ಲೈನ್ ತರಬೇತಿ ಕೊಡುವ ಉದ್ಯೋಗ. ಬಟ್ಟೆಯ ಉಗಮ ಮತ್ತು ವಿಕಾಸ ಕುರಿತು ಯಜಮಾನರು ಸಿದ್ಧಪಡಿಸಿದ್ದ ಉದ್ಘಾಟನಾ ಭಾಷಣಕ್ಕೆ ಅವಳೇ ಕತ್ತರಿ ಹಾಕಿದಳು.

“ಅಪ್ಪಾ, ದೊಡ್ಡವರು ಭಾಷಣ ಕೇಳಲ್ಲ. ಕ್ಯಾಮೆರಾ ಆಫ್ ಮಾಡಿ ತರಕಾರಿ ಹೆಚ್ಚೋಕೆ ಹೋಗ್ತಾರೆ. ಮೊದಲು ಅವರ ಕಷ್ಟ ಏನು ಅಂತ ಕೇಳಬೇಕು. ಆಮೇಲೆ ಕೈಗೆ ಕೆಲಸ ಕೊಡಬೇಕು. ಆಗಲೇ ಕಲಿಯೋದು.”

ಈ ಉಪದೇಶ ಯಜಮಾನರ ನೆತ್ತಿಗೇರಿತು. ಮೂರು ಮೊಳ ಲೈನಿಂಗ್ ಬಟ್ಟೆಗೆ ಬಂದ ಗಿರಾಕಿಗೂ ವಯಸ್ಕರ ಶಿಕ್ಷಣದ ತತ್ತ್ವ ಬೋಧಿಸಿಯೇ ಕಳಿಸತೊಡಗಿದರು. ಪಾಠದ ಆರಂಭಕ್ಕೆ ಒಂದು ಮತದಾನ ಇರಲಿ ಎಂದು ಹಟ ಹಿಡಿದು, ಪ್ರಶ್ನೆಯನ್ನೂ ಸ್ವಹಸ್ತದಿಂದ ಬರೆದರು: ಹೊಲಿಗೆಯಲ್ಲಿ ನಿಮಗೆ ತೊಂದರೆ ಎಲ್ಲಿ? ಕತ್ತರಿಸುವಾಗಲೋ, ದಾರ ಪೋಣಿಸುವಾಗಲೋ, ಹೊಲಿಗೆ ಸೊಟ್ಟ ಹೋಗುವಾಗಲೋ, ಒಗೆದ ಮೇಲೋ?

ಭಾನುವಾರ ಬಂತು. ಊಟದ ಮೇಜು ಪಾಠಶಾಲೆಯಾಯಿತು. ಪರದೆಯ ಮೇಲೆ ಚೌಕ ಚೌಕವಾಗಿ ಮುಖಗಳು ಅರಳಿದವು: ನಿವೃತ್ತ ಬಸ್ ಚಾಲಕರು, ಹಲ್ಲಿನ ಡಾಕ್ಟರಮ್ಮ, ಅವಳಿ ಮಕ್ಕಳ ತಾಯಿ, ಇನ್ನೂ ಎಷ್ಟೋ ಜನ. ಎಲ್ಲರ ಮುಂದೂ ದಾಳಿಂಬೆ ಬಣ್ಣ. ಗೋದಾಮು ಖಾಲಿಯಾದ ದೃಶ್ಯವನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ವ್ಯಾಪಾರಿಗಳಿಗುಂಟು?

ಮತದಾನ ನಡೆಯಿತು. ಬಹುಮತ ‘ಒಗೆದ ಮೇಲೆ’ ಎಂಬುದಕ್ಕೆ ಬಿತ್ತು. ಯಜಮಾನರು ಕ್ಯಾಮೆರಾದ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಎರಡನೆಯ ಚಪ್ಪಾಳೆಗೆ ಎತ್ತಿದ ಕೈ ಅಲ್ಲೇ ನಿಂತಿತು. ಹೆಂಡತಿ ಆಗಲೇ ಕತ್ತರಿಯನ್ನು ಪಕ್ಕಕ್ಕಿಟ್ಟಿದ್ದರು.

“ಹಾಗಾದ್ರೆ ಇವತ್ತು ಕತ್ತರಿ ಬೇಡ. ಎಲ್ರೂ ಒಂದು ಬಕೆಟ್ ನೀರು ತನ್ನಿ. ಕತ್ತರಿಸೋ ಮೊದಲು ಬಟ್ಟೆನ ನೆನೆಸಿ ನೋಡಬೇಕು.”

ಯಜಮಾನರು ಎರಡೂ ಕೈ ಬೀಸಿದರು, ತಲೆಯಾಡಿಸಿದರು, ಕೊನೆಗೆ ಕೈ ಮುಗಿದರು. ಬಣ್ಣದ ಬಗ್ಗೆ ಅವರಿಗೇನೂ ಅನುಮಾನವಿರಲಿಲ್ಲ. ಆದರೆ ಇಷ್ಟು ಜನರ ಎದುರು ಅದನ್ನು ಪರೀಕ್ಷಿಸುವಷ್ಟು ನಂಬಿಕೆಯೂ ಇರಲಿಲ್ಲ.

“ನಮ್ಮನೆಯವರು ಹಿಂದೆ ನಿಂತು ಸನ್ನೆ ಮಾಡ್ತಿದಾರೆ,” ಎಂದು ಹೆಂಡತಿ ಶಿಷ್ಯವೃಂದಕ್ಕೆ ವಿವರಿಸಿದರು. “ನೀರು ತರ್ತಾರಂತೆ. ತನ್ನಿ, ಬೇಗ ತನ್ನಿ.”

ತಂದರು. ಬೇರೆ ದಾರಿಯಿರಲಿಲ್ಲ.

ಬಟ್ಟೆಗಳು ಮುಳುಗಿದವು. ಮೊದಲು ಚಾಲಕರ ಚೌಕ ಕೆಂಪಾಯಿತು, ಬಳಿಕ ಡಾಕ್ಟರಮ್ಮನದು, ನೋಡನೋಡುತ್ತ ಇಡೀ ಪರದೆಗೆ ಸೂರ್ಯಾಸ್ತದ ಕಳೆ ಬಂತು. ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಆದರೆ ಯಾರೂ ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

“ಮೇಡಂ, ನಂದು ಚೆನ್ನಾಗಿ ಬಿಟ್ಟಿದೆ,” ಎಂದರು ಚಾಲಕರು, ಬಕೆಟನ್ನೇ ಕ್ಯಾಮೆರಾಕ್ಕೆ ಎತ್ತಿ ತೋರಿಸುತ್ತ. “ಸರಿಯಾಗಿ ಮಾಡಿದೀನಾ?”

ಎಲ್ಲರೂ ತಂತಮ್ಮ ಬಕೆಟ್ ಎತ್ತಿದರು. ಯಾರ ನೀರು ಹೆಚ್ಚು ಕೆಂಪು ಎಂದು ಪೈಪೋಟಿಯೇ ನಡೆಯಿತು. ಮೂಲೆಯ ಚೌಕದಲ್ಲಿ ಅವಳಿ ಮಕ್ಕಳ ತಾಯಿಯೊಬ್ಬರೇ ಸಪ್ಪೆಮುಖ ಹಾಕಿ ಕುಳಿತಿದ್ದರು.

“ನಂದು ಎಷ್ಟು ಹಿಂಡಿದ್ರೂ ಬಿಡ್ತಾನೇ ಇಲ್ಲ ಮೇಡಂ. ನಾನೆಲ್ಲೋ ತಪ್ಪಿದೀನಿ.”

“ನೀವು ತಪ್ಪಿಲ್ಲಮ್ಮ. ಬಟ್ಟೆ ಎಲ್ಲಿ ತಗೊಂಡ್ರಿ?”

“ನಿಮ್ಮ ಅಂಗಡೀಲಿ ಪೊಟ್ಟಣ ಮುಗಿದುಹೋಗಿತ್ತು. ಅದಕ್ಕೆ ಎದುರಿನ ಅಂಗಡೀಲಿ ಇದೇ ಬಣ್ಣದ್ದು ತಗೊಂಡೆ.”

ಯಜಮಾನರು ಕಂಪ್ಯೂಟರಿನ ಮೇಲೆ ಹಾರಿದರು. ಆಕೆಯ ಧ್ವನಿ ನಿಲ್ಲಿಸಲು ಸಿಕ್ಕಸಿಕ್ಕ ಗುಂಡಿ ಒತ್ತಿದರು. ಪರದೆಯ ಮೇಲೆ ಹೃದಯಗಳೂ ಚಪ್ಪಾಳೆಗಳೂ ತೇಲಿದವು. ಮಗಳು ಮೆಲ್ಲಗೆ ಅವರ ಕೈ ಸರಿಸಿ, ಹಿಡಿತವೆಲ್ಲ ಅಮ್ಮನ ಹತ್ತಿರ ಇದೆ ಎಂದಳು. (ಈ ಸಂಗತಿ ಯಜಮಾನರಿಗೆ ಮದುವೆಯಾದಂದಿನಿಂದ ಗೊತ್ತಿತ್ತು. ಕಂಪ್ಯೂಟರಿಗೂ ಗೊತ್ತು ಎಂಬುದು ಮಾತ್ರ ಹೊಸದು.)

ಮುಗಿಯುವ ಹೊತ್ತಿಗೆ ಶಿಷ್ಯರ ಉತ್ಸಾಹ ಮೇರೆ ಮೀರಿತ್ತು. ಇಂಥ ಪಾಠ ಕೇಳಿಯೇ ಇಲ್ಲ, ಮುಂದಿನ ಪಾಠ ನಾಳೆಯೇ ಆಗಲಿ ಎಂದರು. ಗುರುಮಾತೆ ಒಪ್ಪಿದರು. ಯಜಮಾನರು ರಾತ್ರಿ ಊಟವನ್ನೂ ಸರಿಯಾಗಿ ಮಾಡದೆ ಮಲಗಿದರು.

ಬೆಳಿಗ್ಗೆ ಶಟರ್ ಎತ್ತಿದರೆ ಎದುರಿಗೇ ಜನ. ಹಿಂತಿರುಗಿಸಲು ಬಂದವರಿರಬೇಕು ಎಂದುಕೊಂಡು, ಸರಬರಾಜು ಮಾಡಿದವನನ್ನು ಶಪಿಸುವ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಆದರೆ ಯಾರ ಕೈಯಲ್ಲೂ ದಾಳಿಂಬೆ ಬಣ್ಣವಿಲ್ಲ, ಎಲ್ಲರ ಮುಖದಲ್ಲೂ ನಗು. ಹೊಸದಾಗಿ ಕೊಳ್ಳಲು ಬಂದಿದ್ದಾರೆ. ಯಜಮಾನರ ಜೀವ ಮರಳಿತು. ಬನ್ನಿ ಬನ್ನಿ ಎಂದು ಬೇರೆ ಬೇರೆ ಬಣ್ಣದ ಬಟ್ಟೆಯ ಥಾನುಗಳನ್ನೆಲ್ಲ ಮೇಜಿನ ಮೇಲೆ ಹರವಿದರು.

ಚಾಲಕರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಬಾಟಲಿಯ ನೀರು ಚಿಮುಕಿಸಿ, ಮೊದಲ ಥಾನನ್ನು ಗಸಗಸ ಉಜ್ಜತೊಡಗಿದರು. ಹಿಂದೆಯೇ ಎಲ್ಲರ ಜೇಬಿನಿಂದಲೂ ಬಿಳಿ ಕರವಸ್ತ್ರಗಳು ಹೊರಬಂದವು.

“ಹೋಮ್‌ವರ್ಕ್,” ಎಂದರು ಚಾಲಕರು ವಿನಯದಿಂದ. “ಅಂಗಡೀಲಿರೋ ಒಂದು ಥಾನನ್ನೂ ಬಿಡಬಾರದಂತೆ.”

ಯಜಮಾನರು ಥಾನುಗಳಿಗೂ ಕರವಸ್ತ್ರಗಳಿಗೂ ನಡುವೆ ತೋಳು ಚಾಚಿ ನಿಂತುಬಿಟ್ಟರು. ಅಷ್ಟರಲ್ಲಿ ಡಾಕ್ಟರಮ್ಮ ಎತ್ತಿ ಹಿಡಿದಿದ್ದ ಫೋನಿನೊಳಗಿಂದ ಪರಿಚಿತ ಧ್ವನಿಯೊಂದು ಕೇಳಿಸಿತು.

“ರೀ, ಸ್ವಲ್ಪ ಪಕ್ಕಕ್ಕೆ ಸರೀರಿ. ಆನ್‌ಲೈನಲ್ಲಿರೋ ಶಿಷ್ಯರಿಗೆ ಥಾನು ಕಾಣಿಸ್ತಿಲ್ಲ.”