ಅಪ್ಪನ ಕ್ಲಾರಿನೆಟ್ಟಿಗೆ ಮಿಲಿಮೀಟರನ ಚಿಕಿತ್ಸೆ

“ಭಾನುವಾರದೊಳಗೆ ಅಪ್ಪನ ಕ್ಲಾರಿನೆಟ್ ಹಾಡದಿದ್ದರೆ ನನ್ನ ಬಿಎಸ್ಸಿ ಸರ್ಟಿಫಿಕೇಟನ್ನ ಒಲೆಗೆ ಹಾಕು” ಎಂದು ಮಿಲಿಮೀಟರ್ ಹೆಂಡತಿಯ ಮುಂದೆ ಪಣ ತೊಟ್ಟ.

“ನಮ್ಮದು ಗ್ಯಾಸ್ ಒಲೆ. ಬೇರೆ ಏನಾದ್ರೂ ಹೇಳಿ” ಎಂದಳು ಅವಳು.

ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಚಹಾದ ಸಕ್ಕರೆಯನ್ನೂ ತೂಗಿ ಹಾಕುವ ಇವನಿಗೆ ಜೊತೆಯವರು ಇಟ್ಟ ಹೆಸರು ಅದು. ಪಣಕ್ಕೆ ಕಾರಣ ಅಮ್ಮ. ಅವಳ ಕಿವಿ ದಿನೇ ದಿನೇ ಮಂದವಾಗುತ್ತಿತ್ತು. ಭಾನುವಾರ ಮಗಳ ಮನೆಗೆ ಹೊರಟವಳು, “ಪೂರ್ತಿ ಕೇಳಿಸದೇ ಹೋಗೋದ್ರೊಳಗೆ ಒಂದ್ಸಲ ನಿಮ್ಮಪ್ಪನ ವಾದ್ಯ ಕೇಳ್ಬೇಕು ಕಣೋ” ಎಂದಿದ್ದಳು.

ಅಪ್ಪ ಬ್ಯಾಂಡಿನಲ್ಲಿದ್ದವರು. ಅವರು ತೀರಿಕೊಂಡಾಗ ಇವನಿನ್ನೂ ಚಿಕ್ಕವನು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ, ವಾದ್ಯದ ತುದಿಗೆ ಕಟ್ಟುವ ತೆಳು ರೀಡನ್ನು ಬಾಯಲ್ಲಿ ನೆನೆಸಿಕೊಳ್ಳುತ್ತಿದ್ದ ಮುಖ ನೆನಪಿದೆ. ನಾದ ಮಾತ್ರ ಮರೆತೇಹೋಗಿದೆ.

ಮೊದಲ ಶುಶ್ರೂಷೆ ಬಾಯಿಗಿಟ್ಟು ಊದುವ ತುದಿಗೆ. ಕ್ರಿಮಿನಾಶವಾಗಲೆಂದು ಅದನ್ನು ಹಾಲಿನ ಪಾತ್ರೆಯಲ್ಲಿ ಕುದಿಸಿದ. ಅದು ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಕುದಿಸಿದರೆ ಏನಾಗುತ್ತದೆಂದು ಇವನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದ. ಅಡುಗೆಮನೆಯಲ್ಲಿ ನೆನಪಾಗಲಿಲ್ಲ, ಅಷ್ಟೆ. ಕರಿಯ ತುದಿ ಪಾಚಿ ಬಣ್ಣಕ್ಕೆ ತಿರುಗಿ ಸೊಟ್ಟಗಾಯಿತು. ಮನೆ ತುಂಬ ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡೇ ಬಂದು, “ಯಾರಿಗೆ ಹುಷಾರಿಲ್ಲ?” ಎಂದು ವಿಚಾರಿಸಿದರು.

“ಕ್ಲಾರಿನೆಟ್ಟಿಗೆ” ಎಂದಳು ಹೆಂಡತಿ.

ಅಂಗಡಿಯಿಂದ ಹೊಸ ತುದಿ ಬಂತು. ಅದು ಬಿಗಿಯಾಯಿತೆಂದು ಅದು ಕೂರುವ ಜಾಗದ ಕಾರ್ಕನ್ನು ಉಜ್ಜಿ ಸವೆಸಿದ. ಸಡಿಲವಾಯಿತೆಂದು ದಾರ ಸುತ್ತಿದ. ಮತ್ತೆ ಬಿಗಿಯಾಯಿತು. ಇನ್ನು ತೂತು ಮುಚ್ಚುವ ಕೀಲಿಗಳ ಮೆತ್ತೆಗಳನ್ನು ಹುಳ ತಿಂದಿತ್ತು. ಅದಕ್ಕೆ ತೆಳು ಚರ್ಮ ಬೇಕು. ಕಪಾಟಿನಲ್ಲಿದ್ದ ಹೆಂಡತಿಯ ಪರ್ಸಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿದ. ಒಂದರ ಅಂಚೂ ಕೂದಲೆಳೆಯಷ್ಟು ಓರೆಯಾಗಿರಲಿಲ್ಲ.

“ಅದು ಹಳೇದಲ್ವೇನೇ?”

“ಹಳೇದು ಅದರ ಪಕ್ಕದಲ್ಲಿತ್ತು ಕಣ್ರೀ.”

ಆಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಬೆರಳಾಡಿಸುವುದನ್ನು ಕಲಿತ. ವಿಡಿಯೋದವನದು ಈ ಕಾಲದ ವಾದ್ಯ, ಇವನದು ಹಳೆಯ ಸರಳ ಪದ್ಧತಿಯದು. ಅವನು ಕಿರುಬೆರಳಲ್ಲಿ ಒತ್ತುವ ಕೀಲಿಗಳಲ್ಲಿ ಅರ್ಧದಷ್ಟು ಇದರಲ್ಲಿ ಇರಲೇ ಇಲ್ಲ. ಮಿಲಿಮೀಟರ್ ಶಿಸ್ತಿನ ಮನುಷ್ಯ. ಇಲ್ಲದ ಕೀಲಿಗಳನ್ನೂ ತಪ್ಪದೆ ಒತ್ತಿದ.

ಭಾನುವಾರ ಟ್ಯಾಕ್ಸಿ ಬಾಗಿಲಿಗೆ ಬಂತು. ಅಮ್ಮ ಚೀಲ ಹಿಡಿದು ನಿಂತಳು. ಇವನು ಎದೆ ತುಂಬ ಉಸಿರೆಳೆದು ಊದಿದ. ಮೊದಲು ಬರೀ ಗಾಳಿ. ಎರಡನೆಯ ಸಲ, ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕ ಬೆಕ್ಕು ಕಿರುಚಿದಂಥ ಸದ್ದು ಹೊರಟು, ಮೇಲೇರಿ, ದಾರಿ ತಪ್ಪಿ, ಕೊನೆಗೆ ನರಳುತ್ತ ನೆಲಕ್ಕಿಳಿಯಿತು. ಟ್ಯಾಕ್ಸಿಯವನು ಇಳಿದು ಟೈರು ನೋಡಿದ.

ಮಿಲಿಮೀಟರ್ ತಲೆ ತಗ್ಗಿಸಿದ. “ಹಾಳು ಮಾಡ್ಬಿಟ್ಟೆ ಅಮ್ಮ. ನಿಂಗೆ ಕೇಳಿಸೋಕಾಗ್ಲಿಲ್ಲ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಲೂ ಇದ್ದಳು.

“ಕೇಳಿಸ್ತಲ್ಲೋ. ಇದೇ ಅದು.”

“ಅಂದ್ರೆ? ಮಾವ ಬ್ಯಾಂಡಿನಲ್ಲಿ ಇದ್ರಲ್ವಾ ಅತ್ತೆ?” ಎಂದಳು ಸೊಸೆ.

“ಇದ್ರು. ನೋಡೋಕೆ ಲಕ್ಷಣವಾಗಿದ್ರು ಅಂತ ಬ್ಯಾಂಡ್ ಮೇಷ್ಟ್ರು ಮುಂದಿನ ಸಾಲಲ್ಲೇ ನಿಲ್ಲಿಸ್ತಿದ್ರು. ಬೆರಳು ಆಡಿಸು ಮಾರಾಯ, ಊದಬೇಡ ಅಂತ ಕೈ ಮುಗೀತಿದ್ರಂತೆ. ಅವರು ಜೋರಾಗಿ ಊದಿದ್ದೆಲ್ಲ ಹಿತ್ತಿಲಲ್ಲಿ, ನನ್ನೊಬ್ಬಳಿಗೆ.”

ಅವಳು ಚೀಲವನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಕಿವಿಗೆ ಅಂಗೈ ಆನಿಸಿದಳು.

“ಟ್ಯಾಕ್ಸಿ ಕಾಯಲಿ. ಇನ್ನೊಂದ್ಸಲ ಊದು. ಅವರಷ್ಟು ಕೆಟ್ಟದಾಗಿ ಇನ್ನೂ ಬಂದಿಲ್ಲ ನಿಂಗೆ.”